‘ಎಲ್ಲಾ ದೇವರ ಇಚ್ಛೆ’ ಎನ್ನುವ ಹಿರಿಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಹಿರಿಯರೇ,

ಕಷ್ಟ ಬಂದವರ ಮನೆಗೆ ಮೊದಲು ಬರುವವರಲ್ಲಿ ನೀವೂ ಒಬ್ಬರು. ಬಂದು ಕೂತು, ಒಂದು ಲೋಟ ನೀರು ಕುಡಿದು, “ಏನ್ ಮಾಡೋಕಾಗುತ್ತೆ ಹೇಳು, ಎಲ್ಲಾ ದೇವರ ಇಚ್ಛೆ. ಅವನ ಮೇಲೆ ಭಾರ ಹಾಕ್ಬಿಡು” ಎನ್ನುತ್ತೀರಿ. ನಿಮ್ಮಲ್ಲಿ ಮಠದ ಸ್ವಾಮಿಗಳಿದ್ದೀರಿ, ಗುಡಿಯ ಪೂಜಾರಿಗಳಿದ್ದೀರಿ, ಪಾದ್ರಿಗಳಿದ್ದೀರಿ, ಮೌಲ್ವಿಗಳಿದ್ದೀರಿ. ಎಲ್ಲರಿಗಿಂತ ಹೆಚ್ಚಾಗಿ ನಮ್ಮ ದೊಡ್ಡಪ್ಪ, ಸೋದರತ್ತೆ, ಬೀಗರು, ಪಕ್ಕದ ಮನೆಯವರೇ ಇದ್ದೀರಿ. ನಿಮ್ಮ ಮನಸ್ಸಿನಲ್ಲಿ ಕೇಡಿಲ್ಲ ಎಂಬುದು ನನಗೆ ಗೊತ್ತು. ಆದರೂ ಆ ಮಾತಿನ ಬಗ್ಗೆ ನಿಮಗೆ ಬರೆಯಲೇಬೇಕು ಎನಿಸಿದೆ. ನಾನೂ ದೇವರನ್ನು ನಂಬುವವನು. ನಂಬುವವನಾದ್ದರಿಂದಲೇ ಆ ಮಾತು ನನಗೆ ಚುಚ್ಚುತ್ತದೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಸಂಗತಿಯಿಂದಲೇ ಶುರುಮಾಡುತ್ತೇನೆ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣವಲ್ಲ, ವಿಮಾನ ನಿಲ್ದಾಣದ ಪಕ್ಕದ ನಮ್ಮ ಚನ್ನರಾಯಪಟ್ಟಣ. 2021ರಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಇಲ್ಲಿನ 13 ಹಳ್ಳಿಗಳ 1,777 ಎಕರೆ ಜಮೀನನ್ನು ರಕ್ಷಣಾ ಮತ್ತು ವೈಮಾಂತರಿಕ್ಷ ಪಾರ್ಕಿಗೆಂದು ಸ್ವಾಧೀನಪಡಿಸಿಕೊಳ್ಳಲು ಹೊರಟಿತು. ಚನ್ನರಾಯಪಟ್ಟಣ, ಪಾಳ್ಯ, ಹರಳೂರು, ಪೋಲನಹಳ್ಳಿ, ಹ್ಯಾಡಾಳ, ನಲ್ಲೂರು, ಮಲ್ಲೇಪುರ, ನಲ್ಲಪ್ಪನಹಳ್ಳಿ, ಚೀಮಾಚನಹಳ್ಳಿ ಇವೆಲ್ಲ ಆ ಪಟ್ಟಿಯಲ್ಲಿದ್ದ ಊರುಗಳು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ಹೂವು, ತರಕಾರಿ ಬೆಳೆಯುವ, ದಿನಕ್ಕೆರಡು ಹೊತ್ತು ಡೇರಿಗೆ ಹಾಲು ಹಾಕುವ ಊರುಗಳು. ಎಕರೆ, ಎರಡೆಕರೆಯವರೇ ಹೆಚ್ಚು. ಅವರಲ್ಲಿ ದಲಿತ ಕುಟುಂಬಗಳೂ ಬಹಳ.

ನೋಟಿಸು ಬಂದಾಗ ನಿಮ್ಮಂಥ ಹಿರಿಯರು ಆಡಿದ ಮಾತು ಈ ಸೀಮೆಯಲ್ಲಿ ಎಲ್ಲರ ಕಿವಿಗೂ ಬಿದ್ದಿದೆ: “ಸರ್ಕಾರದ ಜೊತೆ ಗುದ್ದಾಡೋಕಾಗುತ್ತಾ? ಹಣೇಲಿ ಬರೆದದ್ದು ಆಗುತ್ತೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?” ವಿಮಾನ ನಿಲ್ದಾಣಕ್ಕೆ ಜಮೀನು ಹೋದಾಗಲೂ ಇದೇ ಮಾತು ಕೇಳಿಸಿತ್ತು.

ಹಿರಿಯರೇ, ಸ್ವಲ್ಪ ನಿಧಾನಿಸಿ ಯೋಚಿಸಿ. ಆ ನೋಟಿಸು ಹೊರಟದ್ದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ಅಡಿಯಲ್ಲಿ. 28ನೇ ಸೆಕ್ಷನ್ನಿನ ಒಂದನೇ ಉಪವಿಭಾಗದಡಿ ಪ್ರಾಥಮಿಕ ಅಧಿಸೂಚನೆ, ನಾಲ್ಕನೇ ಉಪವಿಭಾಗದಡಿ ಅಂತಿಮ ಅಧಿಸೂಚನೆ. ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಕಂಪನಿಗಳಿಗೆ ಜಮೀನು ಕೊಡಿಸುವುದಾದರೆ ಶೇ 80ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆ ಬೇಕು, ಸಾಮಾಜಿಕ ಪರಿಣಾಮದ ಅಧ್ಯಯನವೂ ಆಗಬೇಕು. 1966ರ ಕಾಯ್ದೆಯ ದಾರಿ ಹಿಡಿದರೆ ಇವೆರಡೂ ಬೇಕಿಲ್ಲ. ಯಾವ ದಾರಿ ಹಿಡಿಯಬೇಕು ಎಂದು ನಿರ್ಧರಿಸಿದವರು ಮನುಷ್ಯರು. ಕಡತ ತಯಾರಿಸಿದವರು, ಸರ್ವೆ ನಂಬರು ಗುರುತಿಸಿದವರು, ಸಹಿ ಹಾಕಿದವರು ಎಲ್ಲರೂ ಮನುಷ್ಯರು. ಅದನ್ನು ದೇವರ ಇಚ್ಛೆ ಎಂದರೆ ಆ ಕಡತಕ್ಕೆ ದೇವರ ಕೈಯಲ್ಲಿ ಸಹಿ ಹಾಕಿಸಿದಂತಾಗುತ್ತದೆ. ಇದು ಭಕ್ತಿಯಲ್ಲ, ದೇವರ ಮೇಲೆ ಹೊರಿಸುವ ಅಪವಾದ.

ಅಲ್ಲಿನ ರೈತರು ಆ ಅಪವಾದ ಹೊರಿಸಲಿಲ್ಲ. 2022ರ ಯುಗಾದಿ ಏಪ್ರಿಲ್ 2ರಂದು ಬಂತು. ಮಾರನೆಯ ದಿನ ವರ್ಷತೊಡಕು. ಅದರ ಮಾರನೆಯ ದಿನ, ಏಪ್ರಿಲ್ 4ರಂದು, ಚನ್ನರಾಯಪಟ್ಟಣದಲ್ಲಿ ಅನಿರ್ದಿಷ್ಟಾವಧಿ ಧರಣಿ ಶುರುವಾಯಿತು. ವರ್ಷತೊಡಕಿನ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹಬ್ಬದ ಬೆನ್ನಿಗೇ ಹಿಡಿದ ಈ ಕೆಲಸ ಮಾತ್ರ ಒಂದು ವರ್ಷಕ್ಕೆ ಮುಗಿಯಲಿಲ್ಲ. ಧರಣಿ ನಡೆಯುತ್ತಿದ್ದಾಗಲೇ ಇನ್ನೂ ಮೂರು ಯುಗಾದಿಗಳು ಬಂದು ಹೋದವು. ವಿರೋಧ ಪಕ್ಷದ ನಾಯಕರಾಗಿದ್ದಾಗ ಧರಣಿಗೆ ಬಂದು ಬೆಂಬಲ ಹೇಳಿದ್ದ ಸಿದ್ದರಾಮಯ್ಯನವರು 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದರು. ಆಮೇಲೂ ರೈತರು ಎರಡು ವರ್ಷಕ್ಕೂ ಮೀರಿ ಕಾಯಬೇಕಾಯಿತು. ನಡುವೆ 2023ರ ಬರ ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ ಅದು. ಮೂರು ಹಳ್ಳಿಗಳ 495 ಎಕರೆ ಬಿಡುತ್ತೇವೆ, ಉಳಿದದ್ದು ಬೇಕು ಎಂಬ ಮಾತು 2025ರ ಜೂನ್‌ನಲ್ಲಿ ಸರ್ಕಾರದಿಂದ ಬಂತು. ಹೋರಾಟಗಾರರು ಅದಕ್ಕೆ ಒಪ್ಪಲಿಲ್ಲ. ಜೂನ್ 25ರಂದು ‘ದೇವನಹಳ್ಳಿ ಚಲೋ’ ನಡೆಯಿತು, ಪೊಲೀಸರು ಧರಣಿ ಕೂತವರನ್ನು ಎಳೆದು ಬಸ್ಸಿಗೆ ಹತ್ತಿಸಿದರು. ಹೋರಾಟ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಯಿತು. ಜುಲೈ 15ರಂದು, 1,198ನೇ ದಿನ, ಸ್ವಾಧೀನವನ್ನು ಪೂರ್ತಿಯಾಗಿ ಕೈಬಿಡುವುದಾಗಿ ಮುಖ್ಯಮಂತ್ರಿ ಘೋಷಿಸಿದರು.

ಇದರಲ್ಲಿ ದೇವರ ಮಾತು ಎಲ್ಲಿ ಬಂತು ಎಂದು ನೀವು ಕೇಳಬಹುದು. ಧರಣಿಗೆ ರೈತ ಸಂಘ, ದಲಿತ ಸಂಘರ್ಷ ಸಮಿತಿ, ಎಡಪಂಥೀಯ ಸಂಘಟನೆಗಳು ಬೆನ್ನೆಲುಬಾದವು. ದೇವರನ್ನು ನಂಬದವರೂ ಅಲ್ಲಿ ಬಹಳ ಮಂದಿ ಇದ್ದರು, ಅವರ ಋಣ ಸಣ್ಣದಲ್ಲ. ಆದರೆ ನಮ್ಮ ಹಳ್ಳಿಗಳ ಬದುಕು ಮಾರಮ್ಮ, ಮುನೇಶ್ವರ, ಗಂಗಮ್ಮ ಇವರನ್ನು ಬಿಟ್ಟು ಇಲ್ಲ ಎಂಬುದು ನಿಮಗೂ ಗೊತ್ತು. ಆ ದೇವರುಗಳ ಜೊತೆ ರೈತನ ಸಂಬಂಧ ಎಂಥದ್ದೆಂದು ನೋಡಿ. ಯುಗಾದಿಗೆ ಹೊನ್ನಾರು ಕಟ್ಟುತ್ತಾನೆ. ನೇಗಿಲಿಗೆ, ಎತ್ತಿಗೆ ಪೂಜೆ ಮಾಡುತ್ತಾನೆ, ಆಮೇಲೆ ಉಳುತ್ತಾನೆ. ಕೊಳವೆಬಾವಿ ಕೊರೆಸುವ ಮುಂಚೆ ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೀರು ನೋಡಿಸುತ್ತಾನೆ, ಗಂಗಮ್ಮನಿಗೆ ಕಾಯಿ ಒಡೆಯುತ್ತಾನೆ, ಆಮೇಲೆ ಸಾಲ ತಂದ ದುಡ್ಡಿನಲ್ಲಿ ಸಾವಿರ ಅಡಿ ದಾಟಿ ಕೊರೆಸುತ್ತಾನೆ. ಪೂಜೆ ಮುಗಿಸಿ ಮನೆಗೆ ಹೋಗಿ ಮಲಗಿದ ರೈತನನ್ನು ನಾನು ಕಂಡಿಲ್ಲ. ಕೈಮುಗಿಯುವುದು, ಕೈಕೆಸರು ಮಾಡಿಕೊಳ್ಳುವುದು ಇವೆರಡೂ ಅವನಿಗೆ ಬೇರೆ ಬೇರೆ ಕೆಲಸಗಳೇ ಅಲ್ಲ. ಹೀಗಿರುವಾಗ ಜಮೀನು ಉಳಿಸಿಕೊಳ್ಳುವ ಹೊತ್ತು ಬಂದಾಗ ಮಾತ್ರ “ಭಾರ ದೇವರ ಮೇಲೆ ಹಾಕಿ ಸುಮ್ಮನಿರು” ಎಂದು ನೀವು ಹೇಳುವುದು ಯಾವ ಶಾಸ್ತ್ರದ ಪ್ರಕಾರ?

ದೇವರ ಮೇಲೆ ಹಾಕುವ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಗಡಿಯಾಚೆಯ ಕನ್ನಡ ನೆಲದಲ್ಲೊಂದು ಉದಾಹರಣೆಯಿದೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಯ ಪಡ್ರೆ, ಅಲ್ಲಿನ ಸ್ವರ್ಗ ಎಂಬ ಊರು. ಸುತ್ತಲ ಗುಡ್ಡಗಳ ಗೇರುತೋಟಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದರು, ಬುದ್ಧಿ ಬೆಳೆಯದೆ ಉಳಿದರು, ಒಂದೇ ಮನೆಯಲ್ಲಿ ಮೇಲಿಂದ ಮೇಲೆ ಕಾಯಿಲೆಗಳು. ಊರಿನ ಬಹಳ ಜನ ಇದನ್ನು ಜಟಾಧಾರಿ ದೈವದ ಮುನಿಸು ಎಂದು ನಂಬಿದರು. ಹರಕೆ ಹೊತ್ತರು, ಪರಿಹಾರ ಮಾಡಿಸಿದರು. ಅಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳ ಪಟ್ಟಿ ಹಿಡಿದು, ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಕಾಯಿಲೆ ಹೇಗೆ ಎಂದು ಕೇಳಿದರು. ಪತ್ರಕರ್ತ ಶ್ರೀಪಡ್ರೆ ಆ ಸಂಗತಿಯನ್ನು ಲೋಕದ ಮುಂದಿಟ್ಟರು. ಊರಿನವರು ಬೀದಿಗಿಳಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶದಲ್ಲೆಲ್ಲ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು.

ಆ ಅಮ್ಮಂದಿರನ್ನು ನೆನೆಯಿರಿ. ಹುಟ್ಟಿದ ಮಗುವಿನ ಸ್ಥಿತಿ ನೋಡಿ, ತಾನೇನು ತಪ್ಪು ಮಾಡಿದೆನೋ, ದೈವಕ್ಕೆ ಯಾವ ಸೇವೆ ಬಾಕಿಯಿಟ್ಟೆನೋ ಎಂದು ಅವರು ತಮ್ಮನ್ನೇ ಹಳಿದುಕೊಂಡ ವರ್ಷಗಳಿಗೆ ಲೆಕ್ಕ ಕೊಡುವವರಾರು? ವಿಷ ಸುರಿದವರು ನಿಶ್ಚಿಂತೆಯಿಂದಿದ್ದರು, ಶಾಪ ಕೊಟ್ಟವನೆಂಬ ಹೆಸರು ಮಾತ್ರ ಗುಡ್ಡದ ದೈವಕ್ಕೆ ಬಂತು. ಅಲ್ಲಿ ಮೋಹನ್ ಕುಮಾರ್ ಕೇಳಿದ ಪ್ರಶ್ನೆ ದೈವದ ಮೇಲಿನ ನಂಬಿಕೆಯನ್ನು ಕೆಡಿಸಲಿಲ್ಲ. ಅದು ದೈವದ ಮೇಲಿದ್ದ ಸುಳ್ಳು ಆರೋಪವನ್ನು ತೊಡೆಯಿತು.

ನಂಬಿಕೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ನಮ್ಮ ಪರಂಪರೆ ಹೇಳಿದ್ದನ್ನು ನಾನು ಕೇಳಿಲ್ಲ. ಹರಿದಾಸರು ತಮ್ಮ ದೇವರನ್ನು ಬೈದಿದ್ದಾರೆ, ಅವನ ಹುಳುಕು ಎತ್ತಿ ಆಡಿದ್ದಾರೆ, ಕೊಟ್ಟ ಮಾತಿನ ಲೆಕ್ಕ ಕೇಳಿದ್ದಾರೆ. ನಿಂದಾಸ್ತುತಿ ಎಂದು ಅದಕ್ಕೊಂದು ಪ್ರಕಾರವೇ ಬೆಳೆದಿದೆ. ಹತ್ತಿರದವನನ್ನು ಮಾತ್ರ ಹಾಗೆ ಜಗ್ಗಿ ಕೇಳಲು ಸಾಧ್ಯ. ಕನಕದಾಸರ ‘ರಾಮಧಾನ್ಯಚರಿತೆ’ಯ ಕಥೆ ನಿಮಗೆ ತಿಳಿದದ್ದೇ. ಲಂಕೆಯಿಂದ ಮರಳುವಾಗ ರಾಮನ ಎದುರಿಗೆ ಧಾನ್ಯಗಳ ವ್ಯಾಜ್ಯ ಬರುತ್ತದೆ. ಭತ್ತ ತಾನೇ ಮೇಲೆಂದು ಮೆರೆಯುತ್ತದೆ, ರಾಗಿಯನ್ನು ಕೀಳುಗಳೆಯುತ್ತದೆ. ರಾಗಿ ತಲೆ ತಗ್ಗಿಸಿ ನಿಲ್ಲುವುದಿಲ್ಲ. ತುಂಬಿದ ಸಭೆಯಲ್ಲಿ ಎದುರು ವಾದಿಸುತ್ತದೆ. ಭತ್ತಕ್ಕೆ ಬಡವರ ಮೇಲೆ ದಯೆಯಿಲ್ಲ, ಮಳೆ ಕೈಕೊಟ್ಟ ಕಾಲದಲ್ಲಿ ಲೋಕವನ್ನು ಕಾಯುವವನು ತಾನು ಎನ್ನುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತಂದಾಗ ಭತ್ತ ಕಂದಿರುತ್ತದೆ, ರಾಗಿ ಗಟ್ಟಿಯಾಗಿ ನಿಂತಿರುತ್ತದೆ. ರಾಮ ತನ್ನ ಹೆಸರನ್ನೇ ರಾಗಿಗೆ ಕೊಡುತ್ತಾನೆ.

ರಾಗಿಹೊಲದ ಜನರಾದ ನಾವು ಈ ಕಥೆಯನ್ನು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೇವೆ. ರಾಗಿ ಸೆರೆಯನ್ನು ತಾಳಿಕೊಂಡದ್ದನ್ನು ಹೇಳುತ್ತೇವೆ, ಅದಕ್ಕೆ ಮೊದಲು ವಾದಿಸಿದ್ದನ್ನು ಬಿಟ್ಟುಬಿಡುತ್ತೇವೆ. ದೇವರು ತನ್ನ ಹೆಸರು ಕೊಟ್ಟದ್ದು ನ್ಯಾಯ ಕೇಳಿದವನಿಗೆ. ತಾಳ್ಮೆಗೆ ಬೆಲೆ ಬಂದದ್ದು ಆ ನ್ಯಾಯದ ಮಾತಿನ ಜೊತೆಗೆ ಬಂದದ್ದರಿಂದ. ಚನ್ನರಾಯಪಟ್ಟಣದವರು 1,198 ದಿನ ತಾಳಿದರು, ಒಂದು ದಿನವೂ ವಾದ ಬಿಡಲಿಲ್ಲ. ಕನಕದಾಸರ ರಾಗಿಯ ಹಾದಿ ಅವರದು.

ಬೈಬಲಿನ ಯೋಬನ ಕಥೆಯಲ್ಲೂ ಇದೇ ತೀರ್ಪಿದೆ. ಮಕ್ಕಳು ಸತ್ತು, ದನಕರು ಹೋಗಿ, ಮೈಯೆಲ್ಲ ಹುಣ್ಣಾಗಿ ಯೋಬ ಬೂದಿಯಲ್ಲಿ ಕೂತಾಗ ಗೆಳೆಯರು ಮೂವರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಅಷ್ಟರಲ್ಲೇ ನಿಲ್ಲಿಸಿದ್ದರೆ ಒಳ್ಳೆಯ ಗೆಳೆಯರಾಗಿ ಉಳಿಯುತ್ತಿದ್ದರು. ಆಮೇಲೆ ಬಾಯಿ ತೆರೆದು, ನೀನು ಪಾಪ ಮಾಡಿರಲೇಬೇಕು, ದೇವರು ಸುಮ್ಮಸುಮ್ಮನೆ ಶಿಕ್ಷಿಸುವುದಿಲ್ಲ ಎಂದು ಉಪದೇಶ ಶುರುಮಾಡುತ್ತಾರೆ. ಯೋಬ ಒಪ್ಪುವುದಿಲ್ಲ. ತಾನು ನಿರಪರಾಧಿ ಎಂದು ದೇವರ ಜೊತೆಗೇ ಜಗಳ ತೆಗೆಯುತ್ತಾನೆ. ಕೊನೆಗೆ ದೇವರು ಮಾತಾಡುತ್ತಾನೆ, ಯೋಬನ ಸಣ್ಣತನವನ್ನು ಅವನಿಗೆ ತೋರಿಸಿಕೊಡುತ್ತಾನೆ. ಆದರೆ ಸಿಟ್ಟಾಗುವುದು ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ನೀವು ನಿಜ ಹೇಳಲಿಲ್ಲ, ಯೋಬ ಹೇಳಿದ ಎನ್ನುತ್ತಾನೆ. ದೇವರ ಪರವಾಗಿ ವಕಾಲತ್ತು ವಹಿಸಿದವರನ್ನೇ ದೇವರು ತಿರಸ್ಕರಿಸಿದ.

ನೀವು ಕೇಳಬಹುದಾದ ಇನ್ನೊಂದು ಪ್ರಶ್ನೆಯಿದೆ, ಅದು ನ್ಯಾಯವಾದದ್ದೇ. ಎಲ್ಲ ಕಷ್ಟದ ಹಿಂದೆಯೂ ಮನುಷ್ಯನ ಕೈ ಇರುತ್ತದೆಯೇ? ಕೊಯ್ಲಿಗೆ ಬಂದ ದ್ರಾಕ್ಷಿಯ ಮೇಲೆ ಆಲಿಕಲ್ಲು ಬೀಳುತ್ತದೆ. ಮೂರು ಕೊಳವೆಬಾವಿ ಕೊರೆಸಿದರೂ ನೀರು ಬರುವುದಿಲ್ಲ. ಎಳೆಯ ಮಗುವಿಗೆ ರಕ್ತದ ಕ್ಯಾನ್ಸರ್ ಬರುತ್ತದೆ. ನಿದ್ದೆಯಲ್ಲಿದ್ದ ಗಂಡ ಬೆಳಿಗ್ಗೆ ಏಳುವುದಿಲ್ಲ. ಇಲ್ಲಿ ಯಾರ ವಿರುದ್ಧ ಧರಣಿ ಕೂರುವುದು?

ಇಂಥ ಕಷ್ಟದಲ್ಲೇ ದೇವರ ಮೇಲಿನ ನಂಬಿಕೆಗೆ ಅತಿ ಕಠಿಣ ಪರೀಕ್ಷೆ. ಇಲ್ಲಿ ‘ಯಾಕೆ’ ಎಂಬುದಕ್ಕೆ ಉತ್ತರ ನನಗೆ ಸಿಕ್ಕಿಲ್ಲ, ಉತ್ತರ ಸಿಕ್ಕಿದೆ ಎನ್ನುವವರ ಮಾತು ನನಗೆ ಹಿಡಿಸಿಲ್ಲ. ಆದರೆ ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಮ್ಮ ಹಳ್ಳಿಗಳಿಗೆ ಚೆನ್ನಾಗಿ ಗೊತ್ತಿದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು, ನೆಂಟರು ಅನ್ನ ಸಾರು ಮಾಡಿ ತರುತ್ತಾರೆ, ಬಲವಂತ ಮಾಡಿ ಒಂದು ತುತ್ತು ತಿನ್ನಿಸುತ್ತಾರೆ. ಹಸುವಿಗೆ ಹುಲ್ಲು ಹಾಕಲು, ಹಾಲು ಕರೆಯಲು ಯಾರೋ ಒಬ್ಬರು ತಾವಾಗಿಯೇ ಕೊಟ್ಟಿಗೆಗೆ ಹೋಗುತ್ತಾರೆ. ಇವರು ಯಾರೂ ವೇದಾಂತ ಹೇಳುವುದಿಲ್ಲ. ದೇವರು ಕೈಬಿಟ್ಟ ಎಂದು ಅಳುವವರಿಗೆ, ಬಿಟ್ಟಿಲ್ಲ ಎಂದು ತೋರಿಸಲು ಇದಕ್ಕಿಂತ ಬೇರೆ ದಾರಿ ನನಗೆ ಕಂಡಿಲ್ಲ. ಅಳುವ ತಾಯಿಗೆ “ದೇವರಿಗೆ ಪ್ರಿಯವಾದವರನ್ನೇ ಬೇಗ ಕರೆದುಕೊಳ್ಳುತ್ತಾನೆ” ಎಂದು ದಯವಿಟ್ಟು ಹೇಳಬೇಡಿ. ಮಗುವನ್ನು ಕಿತ್ತುಕೊಂಡವನು ಎಂಬ ಚಿತ್ರ ಮನಸ್ಸಲ್ಲಿ ಕೂತುಬಿಟ್ಟರೆ ಅವಳು ನಾಳೆ ಯಾರ ಮುಂದೆ ದೀಪ ಹಚ್ಚಬೇಕು?

ಚನ್ನರಾಯಪಟ್ಟಣದ ಗೆಲುವನ್ನು ತೋರಿಸಿ, ದೇವರನ್ನು ನಂಬಿದರೆ ಗೆಲುವು ಖಚಿತ ಎಂದು ಹೇಳುವವರೂ ಬರುತ್ತಾರೆ. ಅದನ್ನೂ ನಾನು ಒಪ್ಪಲಾರೆ. ಇದೇ ತಾಲ್ಲೂಕಿನಲ್ಲಿ ಹಿಂದಿನ ಸ್ವಾಧೀನಗಳಲ್ಲಿ ಜಮೀನು ಕಳೆದುಕೊಂಡವರು ಕಡಿಮೆ ಭಕ್ತರಾಗಿದ್ದರೇ? ಅವರೂ ಮಾರಮ್ಮನಿಗೆ ತಂಬಿಟ್ಟಿನ ಆರತಿ ಹೊತ್ತವರೇ, ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಕಟ್ಟಿಕೊಂಡವರೇ. ಪಡ್ರೆಯ ಮಕ್ಕಳಿಗೆ ಪರಿಹಾರದ ಆದೇಶ ಬಂತು, ಆರೋಗ್ಯ ವಾಪಸು ಬರಲಿಲ್ಲ. ನಂಬಿಕೆ ದುಡಿಮೆಗೆ ಸಿಗುವ ಕೂಲಿಯಲ್ಲ. ಸೋತವರ ನಂಬಿಕೆಯೂ ಗೆದ್ದವರ ನಂಬಿಕೆಯಷ್ಟೇ ನಿಜ, ಒಮ್ಮೊಮ್ಮೆ ಅದಕ್ಕಿಂತ ದೊಡ್ಡದು.

ಹಾಗಾದರೆ ನಂಬಿಕೆಯಿಂದ ಏನು ಸಿಕ್ಕಿತು? ಅನ್ಯಾಯ ಈ ಲೋಕದ ಕೊನೆಯ ಮಾತಲ್ಲ ಎಂಬ ಧೈರ್ಯ ಸಿಕ್ಕಿತು. ಇಂದು ಯಾರೂ ಕೇಳದಿದ್ದರೂ ಕೇಳುವವನೊಬ್ಬನಿದ್ದಾನೆ ಎಂದುಕೊಂಡವನು ನಾಳೆಯೂ ಬಂದು ಕೂರಬಲ್ಲ. ಮಳೆಗಾಲದಲ್ಲೂ, ಸುಗ್ಗಿಯಲ್ಲೂ, ಸರ್ಕಾರ ಬದಲಾದಾಗಲೂ, ಬಂದ ಸರ್ಕಾರ ಹಿಂದಿನದರಂತೆಯೇ ಸುಮ್ಮನಿದ್ದಾಗಲೂ ಕೂರಬಲ್ಲ. ದೇವರನ್ನು ನಂಬದವನಿಗೆ ಅದೇ ಧೈರ್ಯ ನ್ಯಾಯದ ಮೇಲಿನ ನಂಬಿಕೆಯಿಂದ, ಸಂವಿಧಾನದ ಮೇಲಿನ ನಂಬಿಕೆಯಿಂದ ಬಂದಿರಬಹುದು. ಧರಣಿಯಲ್ಲಿ ಇಬ್ಬರೂ ಒಟ್ಟಿಗೇ ಕೂತಿದ್ದರು. ಅವರ ನಡುವೆ ಜಗಳ ಹಚ್ಚುವ ಅಗತ್ಯ ನನಗೆ ಕಾಣುವುದಿಲ್ಲ.

ಹೋರಾಟ ಗೆದ್ದರೂ ಪರೀಕ್ಷೆ ಮುಗಿದಿಲ್ಲ. ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಪಡೆಯುವುದಾಗಿ ಸರ್ಕಾರ ಸ್ವಾಧೀನ ಕೈಬಿಟ್ಟ ದಿನವೇ ಹೇಳಿದೆ. ಕೊಡಲು ಸಿದ್ಧರಿರುವ ರೈತರೂ ಇದ್ದಾರೆ, ಅದು ಅವರ ಹಕ್ಕು. ಆದರೆ ಮಗಳ ಮದುವೆ ಸಾಲ, ಆಸ್ಪತ್ರೆ ಬಿಲ್ಲು, ಬತ್ತಿದ ಕೊಳವೆಬಾವಿ ಇವು ಸೇರಿದಾಗ ಸ್ವಇಚ್ಛೆ ಎಂಬುದು ಎಷ್ಟು ಉಳಿಯುತ್ತದೆ? ಆ ರೈತನ ಮನೆಗೆ ದಲ್ಲಾಳಿ ಬರುವ ಮುಂಚೆ ನೀವು ಹೋಗಿ. ಬರಿಗೈಯಲ್ಲಿ ಹೋಗಬೇಡಿ. ಮಠಗಳಲ್ಲಿ, ದೇವಸ್ಥಾನಗಳಲ್ಲಿ, ಚರ್ಚು ಮಸೀದಿಗಳಲ್ಲಿ ಹುಂಡಿಗೆ ಬೀಳುವ ದುಡ್ಡು ಈ ಜನರದ್ದೇ. ಅದರಲ್ಲಿ ಒಂದು ಪಾಲು ಕಷ್ಟದಲ್ಲಿರುವ ಮನೆಯ ಮಗುವಿನ ಫೀಸಿಗೆ, ಔಷಧಿಗೆ ಹೋದರೆ ದೇವರು ಬೇಡವೆನ್ನುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದ್ದು ನಮ್ಮ ನಡುವೆಯೇ. ಅದನ್ನು ಸುಳ್ಳು ಮಾಡುವುದು ನಿಮ್ಮ ಕೈಯಲ್ಲಿದೆ.

ಕೊನೆಯದಾಗಿ ನನ್ನ ವಿನಂತಿ ಇಷ್ಟು. ಇನ್ನು ಮುಂದೆ ಕಷ್ಟದ ಮನೆಯ ಹೊಸ್ತಿಲು ತುಳಿಯುವಾಗ, ಇದು ಯಾರು ಮಾಡಿದ್ದು ಎಂದು ಮೊದಲು ಮನಸ್ಸಿನಲ್ಲೇ ಕೇಳಿಕೊಳ್ಳಿ. ಮನುಷ್ಯರು ಮಾಡಿದ್ದಾದರೆ ಮಾಡಿದವರ ಹೆಸರು ಹೇಳಲು ಹೆದರಬೇಡಿ, ನೊಂದವರ ಪಕ್ಕದಲ್ಲಿ ನಿಲ್ಲಿ, ಅರ್ಜಿಗೆ ನಿಮ್ಮದೂ ಒಂದು ಸಹಿ ಹಾಕಿ, ಧರಣಿಯ ಚಾಪೆಯ ಮೇಲೆ ನೀವೂ ಕೂರಿ. ಯಾರೂ ಮಾಡಿದ್ದಲ್ಲವಾದರೆ ಕಾರಣ ಹೇಳಲು ಹೋಗಬೇಡಿ, ಅನ್ನ ತೆಗೆದುಕೊಂಡು ಹೋಗಿ, ಆಮೇಲೂ ಹೋಗುತ್ತಿರಿ. ಎರಡರಲ್ಲೂ “ದೇವರ ಇಚ್ಛೆ” ಎಂಬ ಮಾತನ್ನು ಮಾತ್ರ ಬಿಟ್ಟುಬಿಡಿ. ಅದನ್ನು ಹೇಳುವ ಅಧಿಕಾರ ಇದ್ದರೆ ನೊಂದವನಿಗೆ ಮಾತ್ರ ಇದೆ, ನೋಡಲು ಬಂದ ನಮಗಿಲ್ಲ.

ಇಂತಿ,
ನಿಮ್ಮಂತೆಯೇ ದೇವರನ್ನು ನಂಬಿದವನು,
ದೇವನಹಳ್ಳಿ ತಾಲ್ಲೂಕು